ಡ್ರ್ಯಾಗನ್ ಬೋಟ್ ಹಬ್ಬಕ್ಕೆ (ಚೀನೀಯರ ಉದ್ದ ದೋಣಿ ರೇಸು) ವಯಸ್ಸಾದವ್ರನ್ನ ಕರ್ಕೊಂಡು ಹೋದವ್ರು ಯಾರಾದ್ರೂ ಇದೀರಾ?

ಕೇಳಿದವರು (ಸರ್ರೆ, ಕೆನಡಾ): ಅತ್ತೆ ಮಾವ ದಾವಣಗೆರೆಯಿಂದ ಬಂದಿದಾರೆ. ಶನಿವಾರ ವ್ಯಾಂಕೂವರ್ ಫಾಲ್ಸ್ ಕ್ರೀಕ್ ಕೊಲ್ಲೀಲಿ ನಡೆಯೋ ಹಬ್ಬಕ್ಕೆ ಹೋಗೋಣ ಅಂತ, ರೇಸೂ ನೋಡ್ಬೇಕು ಸಂಜೆ ಬ್ಯಾಂಡೂ ಕೇಳ್ಬೇಕು. ಮಾವಂಗೆ ಮಂಡಿನೋವು, ಕೂರಕ್ಕೆ ಜಾಗ ಸಿಗತ್ತಾ? ಕಾರಾ ಟ್ರೇನಾ?

ಬರ್ನಬಿ ಭಾವ: ಕಾರಿನ ಹೆಸ್ರೆತ್ತಬೇಡಿ. ಹೋದ್ವರ್ಷ 24 ಡಾಲರ್ ಪಾರ್ಕಿಂಗ್ ಕಟ್ಟಿದೀನಿ, ಪಾರ್ಕಿಂಗ್ ಆ್ಯಪಲ್ಲಿ ಹೆಂಡ್ತಿ ಕಾರಿನ ನಂಬರ್ ಸೇವ್ ಆಗಿತ್ತು ನೋಡ್ಲಿಲ್ಲ, ಬಂದು ನೋಡಿದ್ರೆ ವೈಪರ್ ಕೆಳಗೆ 78 ಡಾಲರ್ ದಂಡದ ಚೀಟಿ. ರಸೀದಿ ಸಮೇತ ಮೂರು ಈಮೇಲ್ ಬರೆದೆ, ಮೂರಕ್ಕೂ ಒಂದೇ ಉತ್ತರ. ನಾನು ಯಾವ ದೋಣೀನೂ ನೆಟ್ಟಗೆ ನೋಡ್ಲಿಲ್ಲ.

ಪ್ಯಾಡಲ್ ಪಾರು: ಮೇನ್ ಸ್ಟ್ರೀಟ್ ಸ್ಟೇಷನ್ನಲ್ಲಿ ಇಳಿದ್ರೆ ಎದುರಿಗೇ ನೀರು, ವೀಕೆಂಡಲ್ಲಿ ಸರ್ರೆಯಿಂದಾನೂ ಒಂದೇ ಝೋನ್ ಚಾರ್ಜು, ಇದಕ್ಕೆ ಕಾರ್ ತರೋರಿಗೆ ಏನ್ ಹೇಳೋದು. ನಾನು ಮೂರು ವರ್ಷದಿಂದ ಟೀಮಲ್ಲಿದೀನಿ. ದೋಣೀಲಿ ಹುಟ್ಟು ಹಾಕೋರು ಇಪ್ಪತ್ತು ಜನ, ಮುಂದೊಬ್ರು ಡ್ರಮ್ಮು, ಹಿಂದೊಬ್ರು ಚುಕ್ಕಾಣಿ, 500 ಮೀಟರ್. ಡ್ರಮ್ ಕೇಳ್ಕೊಂಡು ಹುಟ್ಟು ಹಾಕಿದ್ರೆ ಲೇಟಾಗೋಗತ್ತೆ, ಮೊದಲ್ನೇ ಸಾಲಿನವ್ರ ಕೈ ನೋಡ್ಬೇಕು. ನಾನು ಅರ್ಧ ಕ್ಷಣ ದಡದ ಕಡೆ ನೋಡ್ದೆ, ಹುಟ್ಟು ಮುಂದಿನವಳ ಹುಟ್ಟಿಗೆ ಟಕ್ ಅಂತು, ಅಷ್ಟಕ್ಕೇ ಫೈನಲ್ ಹೋಯ್ತು. ಕ್ಯಾಪ್ಟನ್ ಈಗ್ಲೂ ಮಾತಾಡ್ಸಲ್ಲ.

ಕರಾವಳಿ ಮಾಣಿ: ಇಪ್ಪತ್ತು ಜನಕ್ಕೆ ಇಷ್ಟು ಗೌಜಿಯಾ ಮಾರ್ರೆ! ಕೇರಳದ ಆಲಪ್ಪುಳದಲ್ಲಿ ನೆಹರೂ ಟ್ರೋಫಿ ದೋಣಿ ರೇಸಿಗೆ ಒಂದೊಂದು ಚುಂಡನ್ (ಹಾವಿನ ಹಾಗೆ ಉದ್ದದ) ದೋಣಿಯಲ್ಲಿ ನೂರು ಚಿಲ್ಲರೆ ಜನ ಉಂಟು. 2018ರಲ್ಲಿ ಹೌಸ್‌ಬೋಟ್ ಬುಕ್ ಮಾಡಿದ್ದೆ, ನೆರೆ ಬಂದು ರೇಸ್ ನವೆಂಬರಿಗೆ ಹೋಯ್ತು, ಅಡ್ವಾನ್ಸ್ 9,000 ಇವತ್ತಿಗೂ ಬರ್ಲಿಲ್ಲ.

ಪ್ಯಾಡಲ್ ಪಾರು: ಅದಕ್ಕೂ ಇದಕ್ಕೂ ಏನ್ ಸಂಬಂಧ? ಇಲ್ಲಿದು 1986ರ ವಿಶ್ವ ಮೇಳ ಎಕ್ಸ್‌ಪೋಗೆ ಹಾಂಗ್‌ಕಾಂಗಿಂದ ಬಂದ ತೇಗದ ದೋಣಿಗಳಿಂದ ಶುರುವಾಗಿದ್ದು. ನೀವು ಹುಟ್ಟು ಹಿಡಿದಿದೀರಾ ಒಂದ್ಸಲನಾದ್ರೂ?

ಕರಾವಳಿ ಮಾಣಿ: ನಾವು ಹುಟ್ಟಿದ್ದೇ ಹೊಳೆ ಬದಿಯಲ್ಲಿ. ನಿಮ್ಮ ಹಾಗೆ ಫೀಸ್ ಕೊಟ್ಟು ಕಲಿತದ್ದಲ್ಲ.

ಕೇಳಿದವರು: ಕೂರೋ ಜಾಗದ್ದು ಯಾರಾದ್ರೂ...

ಧಾರವಾಡದಕ್ಕಿ: ನಾವು ಹಾಡು ಕೇಳಾಕಂತನ ಹೋಗಿದ್ವಿ, ಇಲ್ಲಿಯವ್ರು ಜೂನುವರಿ (ಜೂನ್‌ದಾಗ ಜನವರಿ) ಅಂತಾರಲ್ಲ ಅಂಥಾ ಥಂಡಿ. ಬ್ಯಾಂಡಿನವ್ರು ತಂತಿ ಶ್ರುತಿ ಮಾಡೂದ್ರಾಗ ಮಳಿ ಹಿಡೀತು, ಜಮಖಾನಿ ತೊಯ್ದು ಎತ್ತಾಕ ಬರ್ಲಿಲ್ಲ, ಎರಡು ಛತ್ರಿಗೆ 36 ಡಾಲರ್ ಹೋತು. ಮ್ಯಾಲ ನಮ್ಮತ್ತಿಯವ್ರು ಬಿದಿರೆಲಿಯೊಳಗ ಸುತ್ತಿ ದಾರ ಕಟ್ಟಿದ್ದ ಅನ್ನದ ಗಂಟು ನೋಡಿ ಪ್ರಸಾದ ಇದ್ದಂಗ ಐತಿ ಅಂತ ಬಾಯಾಗಿಟ್ರು, ನಡುವ ಹಂದಿ ಮಾಂಸ! ಮನಿಗೆ ಬರೂ ತನಕ ಒಂದ್ ಮಾತಾಡ್ಲಿಲ್ಲ, ಬಂದು ತಲಿಮ್ಯಾಲೆ ನೀರು ಹಾಕ್ಕೊಂಡ್ರು.

ಬರ್ನಬಿ ಭಾವ: ಕೇಳ್ದೆ ತಿಂದಿದ್ದು ನಿಮ್ ತಪ್ಪು. ಬರೀ ಹೆಸರುಬೇಳೆ ಹಾಕಿದ್ದೂ ಸಿಗತ್ತೆ.

ಧಾರವಾಡದಕ್ಕಿ: ಕಾರಿನ ನಂಬರ್ ಓದಾಕ ಬರದವ್ರು ನಮಗ ಬುದ್ಧಿ ಹೇಳಬ್ಯಾಡ್ರಿ.

ಬರ್ನಬಿ ಭಾವ: ಆ್ಯಪಲ್ಲಿ ತಾನೇ ಸೇವ್ ಆಗಿತ್ತು ಅಂದ್ನಲ್ಲ! ತಡ ಆಯ್ತು ಅಂತ 78 ಇದ್ದಿದ್ದು 110 ಆಗಿದೆ, ನಾನಂತೂ ಕಟ್ಟಲ್ಲ.