ಓಟ್ಸ್, ರಾಗಿ, ಫ್ರೋಜನ್ ಹಣ್ಣು: ಬೆಳಗಿನ ಸ್ಮೂದಿ ಪ್ರಶ್ನೋತ್ತರ

ಅಡ್ಮಿನ್: ಮುಂಬೈ ಕನ್ನಡಿಗರಿಗೆ ನಮಸ್ಕಾರ. ನಮ್ಮ ಗುಂಪಿನ ಡಯಟೀಷಿಯನ್ ಮೇಡಂ ರಾತ್ರಿ ಹತ್ತರವರೆಗೆ ಇರುತ್ತಾರೆ. ಬೆಳಗಿನ ಸ್ಮೂದಿ ಬಗ್ಗೆ ಮಾತ್ರ ಕೇಳಿ.

ದೊಂಬಿವಲಿ: ಮೇಡಂ, ಏಳರ ಲೋಕಲ್ ಹಿಡಿಯಬೇಕು. ಹಣ್ಣು, ಹಾಲು, ಜೇನುತುಪ್ಪ ಹಾಕಿ ಸ್ಮೂದಿ ಕುಡಿದು ಹೊರಡುತ್ತೇನೆ. ದಾದರ್ ಬರುವಷ್ಟರಲ್ಲಿ ಹೊಟ್ಟೆ ಚುರುಗುಟ್ಟುತ್ತದೆ.

ಡಯಟೀಷಿಯನ್: ನೀವು ಕುಡಿಯುತ್ತಿರುವುದು ಮಿಲ್ಕ್‌ಶೇಕ್. ರಾತ್ರಿಯೇ ಮೂರು ದೊಡ್ಡ ಚಮಚ ರೋಲ್ಡ್ ಓಟ್ಸ್ ಹಾಲಿನಲ್ಲಿ ನೆನೆಸಿ ಫ್ರಿಜ್‌ನಲ್ಲಿಡಿ. ಬೆಳಿಗ್ಗೆ ಅದಕ್ಕೆ ಅರ್ಧ ಕಪ್ ಫ್ರೋಜನ್ ಮಾವು ಅಥವಾ ಸ್ಟ್ರಾಬೆರಿ, ಸ್ವಲ್ಪ ಗಟ್ಟಿ ಮೊಸರು, ಒಂದು ಹಿಡಿ ಹುರಿದ ಶೇಂಗಾ. ಜೇನು ಬೇಡ. ಸೋಸಬೇಡಿ, ನಾರು ಹೋಗುತ್ತದೆ.

ಮುಲುಂಡ್: ಓಟ್ಸ್ ಬದಲು ರಾಗಿ ಹಿಟ್ಟನ್ನೇ ಹಾಕಬಹುದಾ?

ಡಯಟೀಷಿಯನ್: ಹಸಿ ಹಿಟ್ಟು ಬೇಡ. ಅದರಲ್ಲಿ ರೋಗಾಣು ಇರಬಹುದು, ಸರಿಯಾಗಿ ಅರಗುವುದೂ ಇಲ್ಲ. ಗಂಜಿ ಕಾಯಿಸಿ, ಆರಿಸಿ ಹಾಕಿ. ಊರಿಂದ ಹುರಿಹಿಟ್ಟು ತಂದಿದ್ದರೆ ನೇರವಾಗಿ ಹಾಕಬಹುದು. ಜೋಳದ ಅರಳೂ ಚೆನ್ನಾಗಿರುತ್ತದೆ.

ವಾಶಿ: ಶುಗರ್ ಇದ್ದವರು ಕುಡಿಯಬಹುದಾ?

ಡಯಟೀಷಿಯನ್: ಹಣ್ಣು ಅರ್ಧ ಮಾಡಿ, ಮೊಸರು, ಶೇಂಗಾ ಜಾಸ್ತಿ ಮಾಡಿ. ಎರಡು ಗಂಟೆ ಬಿಟ್ಟು ಗ್ಲೂಕೋಮೀಟರ್‌ನಲ್ಲಿ ನೋಡಿ.

ಬೋರಿವಲಿ: ಚಿಯಾ ತುಂಬಾ ದುಬಾರಿ. ಕಾಮಕಸ್ತೂರಿ ಬೀಜ ನಡೆಯುತ್ತಾ?

ಥಾಣೆ: ಹಾಲು, ಹಣ್ಣು ಸೇರಿಸುವುದು ವಿರುದ್ಧಾಹಾರ. ವಿಷಕ್ಕೆ ಸಮ. ಓದಿದವರೇ ಹೀಗೆ ಹೇಳಿದರೆ ಹೇಗೆ?

ಅಂಧೇರಿ: ಮಾರಾಯ್ರೆ, ನಿಮ್ಮ ಪಕ್ಕದ ಮನೆಯ ಮರಾಠಿಯವರು ಶಿಕರಣ್ ಮಾಡುವುದನ್ನು ನೋಡಿಲ್ವಾ? ಹಾಲಿಗೆ ಬಾಳೆಹಣ್ಣು ಕಿವುಚಿ ಚಪಾತಿ ಜೊತೆ ತಿನ್ನುತ್ತಾರೆ. ಯಾರೂ ಸತ್ತಿಲ್ಲ.

ಥಾಣೆ: ನಿಮ್ಮ ಜೊತೆ ಮಾತಾಡುತ್ತಿಲ್ಲ.

ಅಂಧೇರಿ: ಗುಂಪಿನಲ್ಲಿ ಹಾಕಿದ ಮೇಲೆ ಎಲ್ಲರ ಜೊತೆಯೂ ಮಾತಾಡಿದ ಹಾಗೆಯೇ.

ಕಲ್ಯಾಣ್: ಮೇಡಂ, ಅಪ್ಪನಿಗೆ 68. ಕಿಡ್ನಿ ಟೆಸ್ಟಿನಲ್ಲಿ ಕ್ರಿಯಾಟಿನಿನ್ 2.3 ಬಂದಿದೆ, ಬಿಪಿಗೆ ಟೆಲ್ಮಿಸಾರ್ಟನ್ ತಗೊಳ್ತಾರೆ. ‘ರಾಗಿ, ಎರಡು ಬಾಳೆಹಣ್ಣು, ಎಳನೀರು, 21 ದಿನದಲ್ಲಿ ಕಿಡ್ನಿ ಕ್ಲೀನ್’ ಅಂತ ಫಾರ್ವರ್ಡ್ ಬಂದಿತ್ತು. ಅದನ್ನೇ ದಿನಾ ಕುಡಿಯುತ್ತಿದ್ದಾರೆ. ಬಾಳೆಹಣ್ಣನ್ನು ಫ್ರೀಜ್ ಮಾಡಿದರೆ ಸರಿಹೋಗುತ್ತಾ?

ಡಯಟೀಷಿಯನ್: ನಾಳೆಯಿಂದ ನಿಲ್ಲಿಸಿ. ಒಂದು ಬಾಳೆಹಣ್ಣಿನಲ್ಲಿ ಸುಮಾರು 400 ಮಿಲಿಗ್ರಾಂ ಪೊಟ್ಯಾಷಿಯಂ ಇರುತ್ತದೆ, ಒಂದು ಲೋಟ ಎಳನೀರಿನಲ್ಲೂ ಹೆಚ್ಚು ಕಮ್ಮಿ ಅಷ್ಟೇ. ಅಂದರೆ ಒಂದೇ ಲೋಟ ಸ್ಮೂದಿಯಲ್ಲಿ 1200ರ ಆಸುಪಾಸು. ಫ್ರೀಜ್ ಮಾಡಿದರೆ ಅದು ಕಮ್ಮಿಯಾಗುವುದಿಲ್ಲ. ಸೋತ ಕಿಡ್ನಿ ಅದನ್ನು ಹೊರಹಾಕಲಾರದು, ಟೆಲ್ಮಿಸಾರ್ಟನ್ ಕೂಡ ಪೊಟ್ಯಾಷಿಯಂ ಉಳಿಸಿಕೊಳ್ಳುವ ಮಾತ್ರೆ. ಹಾಗಂತ ಮಾತ್ರೆ ನೀವೇ ನಿಲ್ಲಿಸಬೇಡಿ. ರಕ್ತದಲ್ಲಿ ಪೊಟ್ಯಾಷಿಯಂ ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಎಷ್ಟೋ ಸಲ ಮೊದಲೇ ಸೂಚನೆಯೂ ಇರುವುದಿಲ್ಲ. ನಾಳೆಯೇ ಪೊಟ್ಯಾಷಿಯಂ ಟೆಸ್ಟ್ ಮಾಡಿಸಿ. ತುಂಬಾ ನಿಶ್ಶಕ್ತಿ, ಎದೆ ಡವಡವ ಇದ್ದರೆ ಬೆಳಗಾಗುವವರೆಗೂ ಕಾಯಬೇಡಿ, ಈಗಲೇ ಆಸ್ಪತ್ರೆಗೆ ಹೋಗಿ.

ಡಯಟೀಷಿಯನ್: ಅಡುಗೆಗೆ ಯಾವ ಉಪ್ಪು? ಲೋ ಸೋಡಿಯಂ ಉಪ್ಪಾದರೆ ಅದನ್ನೂ ಬಿಡಿ, ಅದರಲ್ಲಿ ಸೋಡಿಯಂ ಬದಲು ಪೊಟ್ಯಾಷಿಯಂ ಹಾಕಿರುತ್ತಾರೆ.

ಅಂಧೇರಿ: ನಮ್ಮ ಕಡೆ ಕಿಡ್ನಿಗೆ ದಾರೆಹುಳಿ (ಸ್ಟಾರ್ ಫ್ರೂಟ್) ಜ್ಯೂಸ್ ಒಳ್ಳೆಯದು ಅಂತಾರೆ.

ಡಯಟೀಷಿಯನ್: ದಯವಿಟ್ಟು ಅಳಿಸಿ. ಕಿಡ್ನಿ ಕೆಟ್ಟವರಿಗೆ ದಾರೆಹುಳಿ ನಿಜವಾಗಿಯೂ ವಿಷ. ಬಿಕ್ಕಳಿಕೆಯಿಂದ ಶುರುವಾಗಿ ಫಿಟ್ಸ್‌ವರೆಗೂ ಹೋಗಿ ಪ್ರಾಣ ಹೋಗಿರುವುದು ವೈದ್ಯಕೀಯ ದಾಖಲೆಯಲ್ಲಿದೆ. ಇಂಥದ್ದನ್ನು ‘ಅಂತಾರೆ’ ಅಂತ ಸುಮ್ನೆ ಬರೆಯಬೇಡಿ.

ಥಾಣೆ: ನೋಡಿದಿರಾ, ಯಾರು ವಿಷ ಹಂಚುತ್ತಿದ್ದಾರೆ ಅಂತ.

ಅಂಧೇರಿ: ನೀವು ಸುಮ್ಮನಿರಿ.

ಚೆಂಬೂರ್: ಶುಗರ್ ಇದ್ದವರಿಗೆ ಆಗುತ್ತಾ ಮೇಡಂ?

ಡಯಟೀಷಿಯನ್: ಮೇಲೆ ಹೇಳಿದೆ.

ಘಾಟ್ಕೋಪರ್: ಫ್ರೋಜನ್ ಮಾವು ಹಾಕಿದರೆ ಮಿಕ್ಸಿ ಗರ್ರ್ ಅಂತ ನಿಂತುಬಿಡುತ್ತದೆ.

ಡಯಟೀಷಿಯನ್: ಹಾಲು, ಓಟ್ಸ್ ಮೊದಲು. ಹಣ್ಣು ಹತ್ತು ನಿಮಿಷ ಹೊರಗಿಟ್ಟು, ಆಮೇಲೆ ಸ್ವಲ್ಪ ಸ್ವಲ್ಪ ಹಾಕಿ ತಿರುಗಿಸಿ.

ಸಯನ್: ಥೈರಾಯ್ಡ್ ಮಾತ್ರೆ ನುಂಗಿದ ತಕ್ಷಣ ಕುಡಿಯಬಹುದಾ? ಶುಗರೂ ಇದೆ.

ಡಯಟೀಷಿಯನ್: ತಕ್ಷಣ ಬೇಡ, ಒಂದು ಗಂಟೆ ಬಿಡಿ. ಶುಗರ್‌ಗೆ ಮೇಲೆ ಓದಿ. ಓದಲು ಪುರುಸೊತ್ತಿಲ್ಲದವರಿಗೆ ಉತ್ತರ ಬರೆಯಲು ನನಗೂ ಇಲ್ಲ.

ಥಾಣೆ: ಇದೇನು ಮಾತಾಡುವ ರೀತಿ?

ಕಲ್ಯಾಣ್: ಮೇಡಂ, ಅಪ್ಪನ ಹಳೆಯ ರಿಪೋರ್ಟ್ ಫೋಟೋ ಹಾಕಲಾ?

ಡಯಟೀಷಿಯನ್: ಗುಂಪಿನಲ್ಲಿ ಬೇಡ. ಹಳೆಯದರಿಂದ ಪ್ರಯೋಜನವೂ ಇಲ್ಲ. ನಾಳೆ ರಕ್ತ ಕೊಟ್ಟು, ರಿಪೋರ್ಟ್ ಬಂದ ತಕ್ಷಣ ಕಿಡ್ನಿ ಡಾಕ್ಟರಿಗೆ ತೋರಿಸಿ. ಸ್ಮೂದಿಗೆ ಏನೇನು ಹಾಕುತ್ತಿದ್ದಿರಿ ಅಂತ ಚೀಟಿಯಲ್ಲಿ ಬರೆದುಕೊಂಡು ಹೋಗಿ.