ಟೆರೇಸಿನ ಮೇಲೆ 20 ಅಡಿ ಜಿಐ ಪೈಪ್: ಪ್ಯಾರಪೆಟ್‌ಗೆ ಕ್ಲಾಂಪ್ ಹಾಕಿದರೆ ಸಾಕೇ?

ಹೊಸ ಸ್ಟೇಷನ್, ಬೆಂಗಳೂರು:

ಎಲ್ಲ ಹ್ಯಾಮ್ (ಹವ್ಯಾಸಿ ರೇಡಿಯೊ) ಮಿತ್ರರಿಗೆ ನಮಸ್ಕಾರ. ರೇಡಿಯೊ ಆ್ಯಂಟೆನಾಗಳಿಗೆ ಟೆರೇಸಿನ ಮೇಲೆ ಕಂಬ ನಿಲ್ಲಿಸಬೇಕಿದೆ. 30×40 ಸೈಟಿನಲ್ಲಿ ಒಂದು ಮಹಡಿಯ ಮನೆ. ಟೆರೇಸಿನ ಹಿಂದಿನ ಮೂಲೆಯಲ್ಲಿ ಮೆಟ್ಟಿಲಿನ ಹೆಡ್‌ರೂಂ ಇದೆ, 8 ಅಡಿ ಎತ್ತರ. ಒಂದೂವರೆ ಇಂಚಿನ ಬಿ ಕ್ಲಾಸ್ ಜಿಐ ಪೈಪ್, ಪೂರ್ತಿ 20 ಅಡಿ, ತಂದಾಗಿದೆ. ತುದಿಗೆ 2 ಮೀಟರ್ (ತರಂಗಾಂತರ) ಬ್ಯಾಂಡಿನ ಫೈಬರ್‌ಗ್ಲಾಸ್ ವರ್ಟಿಕಲ್, ಅಂದರೆ ನೆಟ್ಟಗೆ ನಿಲ್ಲುವ ಆ್ಯಂಟೆನಾ (ಉದ್ದ 1.7 ಮೀ), ಅದರ ಕೆಳಗೆ 40 ಮೀಟರ್ ಬ್ಯಾಂಡಿನ ಇನ್ವರ್ಟೆಡ್ ವಿ, ಅಂದರೆ ಕಂಬದಿಂದ ಎರಡು ಕಡೆಗೆ ಇಳಿಬಿಡುವ ತಂತಿ ಆ್ಯಂಟೆನಾ. ಪ್ಯಾರಪೆಟ್‌ಗೆ ಎರಡು ಕ್ಲಾಂಪ್ ಹೊಡೆದರೆ ಸಾಕು, ಗೈ (ಕಂಬವನ್ನು ಸುತ್ತಲಿಂದ ಎಳೆದು ಹಿಡಿಯುವ) ಹಗ್ಗ ಬೇಡ ಅನ್ನುತ್ತಾರೆ ವೆಲ್ಡರ್. ಪ್ಯಾರಪೆಟ್ 4 ಇಂಚಿನ ಸಾಲಿಡ್ ಬ್ಲಾಕ್, 3 ಅಡಿ ಎತ್ತರ. ಹೀಗೆ ನಿಂತೀತೇ? ಮುಂದೆ ಎತ್ತರ ಹೆಚ್ಚಿಸಲು ಒಳಗೆ ಒಂದೂಕಾಲು ಇಂಚಿನ ಪೈಪ್ ತೂರಿಸಬಹುದೇ? ಅರ್ಥಿಂಗ್ ಹೇಗೆ ಮಾಡಬೇಕು?

ಕಂಬದ ಲೆಕ್ಕ:

ಪ್ಯಾರಪೆಟ್‌ಗೆ ಮಾತ್ರ ಬೇಡ ಓಎಂ (ಹ್ಯಾಮ್‌ಗಳ ಮಾತಿನಲ್ಲಿ 'ಗೆಳೆಯ'). ನಿಮ್ಮ ಪೈಪ್ ಗಟ್ಟಿಯಾಗಿಯೇ ಇದೆ, ಅದನ್ನು ಹಿಡಿದುಕೊಳ್ಳುವ ಗೋಡೆ ಗಟ್ಟಿಯಿಲ್ಲ.

ಕಟ್ಟಡಗಳ ಮೇಲಿನ ಹೊರೆಯ ಭಾರತೀಯ ಮಾನಕ ಐಎಸ್ 875ರ 3ನೇ ಭಾಗದ ಪ್ರಕಾರ ಬೆಂಗಳೂರಿನ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್. ಒತ್ತಡ 0.6 × 33 × 33, ಅಂದರೆ ಚದರ ಮೀಟರಿಗೆ ಸುಮಾರು 66 ಕೆಜಿ. ಪೈಪಿನ ಹೊರವ್ಯಾಸ 48.3 ಮಿಮೀ. ಪ್ಯಾರಪೆಟ್‌ಗಿಂತ ಮೇಲೆ 5 ಮೀಟರ್ ಉಳಿಯುತ್ತದೆ. ಗಾಳಿ ಪೈಪನ್ನು ಸುಮಾರು 20 ಕೆಜಿ, ವರ್ಟಿಕಲ್ಲನ್ನು ಇನ್ನೊಂದು 4–5 ಕೆಜಿ ಬಲದಿಂದ ತಳ್ಳುತ್ತದೆ. ಕೇಳಲು ಇದು ಅಲ್ಪ. ಆದರೆ ಎರಡು ಕ್ಲಾಂಪ್ ನಡುವೆ ಸಿಗುವುದು ಮುಕ್ಕಾಲು ಮೀಟರ್ ಅಷ್ಟೆ. ಹಾರೆಯಿಂದ ಮೀಟಿದ ಹಾಗೆ ಮೇಲಿನ ಕ್ಲಾಂಪಿನ ಮೇಲೆ ಅದು 125 ಕೆಜಿಯ ಹತ್ತಿರ ಬರುತ್ತದೆ. ಪ್ಯಾರಪೆಟ್ ಸ್ಲ್ಯಾಬಿನ ಮೇಲೆ ಬರೀ ಗಾರೆಯ ಮೇಲೆ ಕೂತಿರುತ್ತದೆ, ಅಡ್ಡ ಎಳೆತ ತಡೆಯಲು ಕಟ್ಟಿದ್ದಲ್ಲ. ಮೊದಲು ಬುಡದಲ್ಲಿ ಸಣ್ಣ ಬಿರುಕು, ಅದರೊಳಗೆ ಮಳೆನೀರು, ಆಮೇಲೆ ಒಂದು ದಿನ ಬ್ಲಾಕ್ ಸಮೇತ ರಸ್ತೆಗೆ.

ಅದೇ ಪೈಪನ್ನು ಹೆಡ್‌ರೂಂ ಗೋಡೆಗೆ ನಿಲ್ಲಿಸಿ. ಕೆಳಗಿನ ಕ್ಲಾಂಪ್ ನೆಲದಿಂದ ಒಂದೂವರೆ ಅಡಿಗೆ, ಮೇಲಿನದು ಏಳೂವರೆ ಅಡಿಗೆ. ನಡುವೆ 1.8 ಮೀಟರ್ ಸಿಕ್ಕಿತು, ಮೇಲಿನ ಕ್ಲಾಂಪಿನ ಹೊರೆ 45 ಕೆಜಿಗೆ ಇಳಿಯಿತು. ಖರ್ಚು ಅಷ್ಟೇ.

ಬ್ರಾಕೆಟ್‌ಗೆ 40×40×5 ಆಂಗಲ್, ಪೈಪಿಗೆ ಯು ಬೋಲ್ಟ್, ಒಂದೊಂದು ಬ್ರಾಕೆಟ್‌ಗೆ ಎರಡು. ಹೆಡ್‌ರೂಂ ಸ್ಲ್ಯಾಬ್ ಎಷ್ಟು ಹೊರಚಾಚಿದೆ ಅಂತ ಅಳೆದು ಆಂಗಲ್ ಕತ್ತರಿಸಿ. ಇದನ್ನು ಮರೆತರೆ ಪೈಪ್ ಸ್ಲ್ಯಾಬಿಗೆ ತಾಗಿ ಓರೆಯಾಗುತ್ತದೆ. 10 ಮಿಮೀ ಆ್ಯಂಕರ್ ಬೋಲ್ಟ್ ಕಾಂಕ್ರೀಟ್ ಪಿಲ್ಲರಿಗೆ ಅಥವಾ ಬೀಮಿಗೆ ಮಾತ್ರ. ಬ್ಲಾಕ್ ಗೋಡೆಯಾದರೆ ಬೋಲ್ಟನ್ನು ಗೋಡೆಯ ಆಚೆಗೆ ಹಾಯಿಸಿ, ಒಳಬದಿಗೆ 100×100×6 ಮಿಮೀ ಪ್ಲೇಟ್ ಕೊಟ್ಟು ಬಿಗಿಯಿರಿ. ವೆಲ್ಡಿಂಗ್ ಆದ ಕಡೆ ಸತುವಿನ ಲೇಪ ಸುಟ್ಟುಹೋಗಿರುತ್ತದೆ, ತುಕ್ಕು ಹಿಡಿಯುವುದು ಅಲ್ಲಿಂದಲೇ. ಉಜ್ಜಿ ಸತುವಿನ ಬಣ್ಣ ಹಚ್ಚಿ. ಪೈಪಿನ ಬಾಯಿಗೆ ಮುಚ್ಚಳ ಇರಲಿ, ಬುಡದಲ್ಲಿ ನೀರು ಹೋಗಲು 6 ಮಿಮೀ ತೂತು ಇರಲಿ.

ಒಂದೂಕಾಲು ಇಂಚಿನದು ಒಳಗೆ ಹೋಗುವುದೇ ಇಲ್ಲ. ಅದರ ಹೊರವ್ಯಾಸ 42.4 ಮಿಮೀ, ನಿಮ್ಮ ಪೈಪಿನ ಒಳವ್ಯಾಸ 41.9. ಎತ್ತರಿಸಬೇಕಾದರೆ ಕೆಳಗೆ 2 ಇಂಚಿನದು ಹಾಕಿ ನಿಮ್ಮದನ್ನು ಅದರೊಳಗೆ ಕನಿಷ್ಠ 2 ಅಡಿ ಇಳಿಸಬೇಕು. ಸುತ್ತ ಎರಡು ಮಿಲಿಮೀಟರಿಗೂ ಹೆಚ್ಚು ಸಂದು ಉಳಿಯುವುದರಿಂದ ಹೊರಪೈಪಿಗೆ ನಟ್ ವೆಲ್ಡ್ ಮಾಡಿ, ಮೂರು ಕಡೆಯಿಂದ ಬೋಲ್ಟ್ ಬಿಗಿಯಬೇಕು, ಇಂಥ ಎರಡು ಸುತ್ತು. ಪ್ಲಂಬರ್ ಸಾಕೆಟ್ ಹಾಕಿ ಜೋಡಿಸಬೇಡಿ. ಥ್ರೆಡ್ ಕತ್ತರಿಸಿದ ಕಡೆ ಪೈಪಿನ ದಪ್ಪ ತೀರಾ ಕಡಿಮೆಯಾಗಿರುತ್ತದೆ, ಮುರಿಯುವುದು ಸರಿಯಾಗಿ ಅಲ್ಲೇ.

ತಂತಿ ಮತ್ತು ಹಗ್ಗ:

ಮೇಲಿನ ಲೆಕ್ಕದಲ್ಲಿ ಇನ್ವರ್ಟೆಡ್ ವಿ ಎಳೆತ ಸೇರಿಲ್ಲ. ಅದು ಸದಾ ಎಳೆಯುತ್ತಿರುತ್ತದೆ, ಅದಕ್ಕೇ ಗೈ ಹಾಕಿ. 'ವಿ'ಯ ಕಾಲುಗಳೇ ಗೈ ಆಗುತ್ತವೆ ಅಂದುಕೊಳ್ಳಬೇಡಿ: ತಾಮ್ರದ ತಂತಿ ಹಿಗ್ಗುತ್ತದೆ, ಅಲ್ಲದೆ ಇರುವುದು ಎರಡೇ ದಿಕ್ಕು.

ಮೂರು ಗೈ, 120 ಡಿಗ್ರಿ ಅಂತರ, 'ವಿ'ಯ ತುಸು ಕೆಳಗೆ. ಕಂಬದ ಬುಡದಿಂದ ಆ್ಯಂಕರಿಗೆ ಇರುವ ದೂರ ಗೈ ಕಟ್ಟಿದ ಎತ್ತರದ ಅರ್ಧಕ್ಕಿಂತ ಕಡಿಮೆ ಆಗಬಾರದು, ಮುಕ್ಕಾಲು ಇದ್ದರೆ ಒಳ್ಳೆಯದು. ಮೂಲೆಯ ಕಂಬಕ್ಕೆ ಮೂರೂ ಕಡೆ ಜಾಗ ಸಿಗುವುದಿಲ್ಲ. ಟೆರೇಸಿನ ಒಳಮೈಗೆ ಬರುವ ಹೆಡ್‌ರೂಂ ಮೂಲೆಯನ್ನು ಆರಿಸಿಕೊಳ್ಳಿ. 6 ಮಿಮೀ ಪಾಲಿಯೆಸ್ಟರ್ ಹಗ್ಗ ತನ್ನಿ. ನೈಲಾನ್ ಒದ್ದೆಯಾದರೆ ಸಡಿಲ ಬೀಳುತ್ತದೆ, ನೀಲಿ-ಹಳದಿ ಪ್ಲಾಸ್ಟಿಕ್ ಹಗ್ಗ ಬಿಸಿಲಿಗೆ ಪುಡಿಯಾಗುತ್ತದೆ. ಆ್ಯಂಕರಿಗಾಗಿ ಸ್ಲ್ಯಾಬ್ ಕೊರೆದರೆ ವಾಟರ್‌ಪ್ರೂಫಿಂಗ್ ಹಾಳು. ಪಿಲ್ಲರ್ ತುದಿಯ ಕಾಂಕ್ರೀಟ್ ಹುಡುಕಿ.

ಈಗ 'ವಿ'. 7.1 ಮೆಗಾಹರ್ಟ್ಸ್‌ಗೆ, ರೂಢಿಯ ಸೂತ್ರದಂತೆ, 143 ಅನ್ನು 7.1ರಿಂದ ಭಾಗಿಸಿದರೆ ಒಟ್ಟು 20.1 ಮೀ, ಒಂದು ಕಾಲು 10 ಮೀಟರ್ ಚಿಲ್ಲರೆ. 10.3ಕ್ಕೆ ಕತ್ತರಿಸಿ, ಎಸ್‌ಡಬ್ಲ್ಯುಆರ್ (ಆ್ಯಂಟೆನಾ ಕೇಬಲ್ಲಿಗೆ ಎಷ್ಟು ಹೊಂದಿದೆ ಎಂದು ತೋರಿಸುವ ಅಳತೆ) ನೋಡುತ್ತ ಎರಡೂ ಕಡೆ ಸಮವಾಗಿ ತಗ್ಗಿಸುತ್ತ ಬನ್ನಿ. ನಿಮ್ಮ ಟೆರೇಸಿನಲ್ಲಿ ಎರಡು ಕಾಲೂ ನೇರವಾಗಿ ಹಿಡಿಸುವುದಿಲ್ಲ. ಒಂದನ್ನು ಉದ್ದದ ಬದಿಗೆ, ಇನ್ನೊಂದನ್ನು ಅಗಲದ ಬದಿಗೆ ಬಿಟ್ಟು, ಉಳಿದ ತುಂಡನ್ನು ಟೆರೇಸಿನ ಅಂಚಿನಗುಂಟ ತಿರುಗಿಸಿ. ತುದಿಯಲ್ಲಿ ಟ್ರಾನ್ಸ್‌ಮಿಟ್ ಮಾಡುವಾಗ ವೋಲ್ಟೇಜ್ ಬಹಳ ಇರುತ್ತದೆ, ಮುಟ್ಟಿದರೆ ಸುಡುತ್ತದೆ. ಬಟ್ಟೆ ಒಣಗಹಾಕುವವರ ಕೈಗೆ ಎಟುಕದಂತೆ ಎರಡೂವರೆ ಮೀಟರ್ ಎತ್ತರದಲ್ಲಿರಲಿ.

ಎಲ್ಲಕ್ಕಿಂತ ಮೊದಲು ರಸ್ತೆಯ ಕರೆಂಟ್ ಲೈನ್ ನೋಡಿ. ಪೈಪ್, ವರ್ಟಿಕಲ್ ಸೇರಿ ಇಪ್ಪತ್ತೈದೂವರೆ ಅಡಿ. ಅದರ ಒಂದೂವರೆ ಪಟ್ಟು, ಅಂದರೆ 38 ಅಡಿ ದೂರದೊಳಗೆ ಯಾವ ಲೈನೂ ಇರಬಾರದು. ಇದ್ದರೆ ಎತ್ತರ ಇಳಿಸಿ, ಅಥವಾ ಈ ಕಂಬವನ್ನೇ ಬಿಡಿ. ಇದರಲ್ಲಿ ರಾಜಿ ಇಲ್ಲ.

ಹೊಸ ಸ್ಟೇಷನ್, ಬೆಂಗಳೂರು:

ತುಂಬಾ ಧನ್ಯವಾದ. ಲೈನ್ ಮುಂದಿನ ರಸ್ತೆಯಲ್ಲಿದೆ, ಹೆಡ್‌ರೂಮಿನಿಂದ 45 ಅಡಿ. ನಿಲ್ಲಿಸುವುದು ಹೇಗೆ?

ಕಂಬದ ಲೆಕ್ಕ:

ಪೈಪ್ ಸುಮಾರು 22 ಕೆಜಿ, ಮೂವರು ಬೇಕು. ಆ್ಯಂಟೆನಾ, ಕೇಬಲ್, ಗೈ ಎಲ್ಲವನ್ನೂ ಮಲಗಿಸಿದಾಗಲೇ ಕಟ್ಟಿಬಿಡಿ. ಬುಡ ಜಾರದಂತೆ ಒಬ್ಬರು ಗೋಡೆಗೆ ಒತ್ತಿ ಹಿಡಿಯಲಿ, ಒಬ್ಬರು ತುದಿಯಿಂದ ಎತ್ತುತ್ತ ನಡೆದು ಬರಲಿ, ಮೂರನೆಯವರು ಹೆಡ್‌ರೂಂ ಮೇಲೆ ನಿಂತು ಹಗ್ಗ ಎಳೆದು ಯು ಬೋಲ್ಟ್ ಹಾಕಲಿ. ಗಾಳಿಯಿಲ್ಲದ ಬೆಳಗ್ಗೆ ಮಾಡಿ.

ಅರ್ಥಿಂಗ್:

ಪೈಪಿನ ಬುಡದಿಂದ 25×3 ಮಿಮೀ ಜಿಐ ಪಟ್ಟಿಯನ್ನು ಹೊರಗೋಡೆಯ ಮೇಲೆ, ಮೊನಚು ತಿರುವಿಲ್ಲದೆ, ನೇರ ನೆಲಕ್ಕೆ ಇಳಿಸಿ. ಅಲ್ಲಿ 40 ಮಿಮೀ ಜಿಐ ಪೈಪ್ ಎರಡೂವರೆ ಮೀಟರ್ ಆಳಕ್ಕೆ. ಹೆಚ್ಚಿನವರು ಇಷ್ಟಕ್ಕೇ ನಿಲ್ಲಿಸುತ್ತಾರೆ, ಅದೇ ತಪ್ಪು. ಈ ಅರ್ಥನ್ನು ಮೀಟರ್ ಬೋರ್ಡಿನ ಅರ್ಥಿಗೆ 16 ಚದರ ಮಿಮೀ ತಾಮ್ರದಿಂದ ಸೇರಿಸಲೇಬೇಕು. ಇಲ್ಲದಿದ್ದರೆ ಹತ್ತಿರ ಸಿಡಿಲು ಬಡಿದಾಗ ಎರಡು ಅರ್ಥುಗಳ ನಡುವಿನ ವೋಲ್ಟೇಜ್ ನಿಮ್ಮ ರೇಡಿಯೊ ಮೂಲಕವೇ ಹಾಯುತ್ತದೆ. ತಾಮ್ರ ನೇರವಾಗಿ ಜಿಐಗೆ ತಾಗಿದರೆ ಸತು ಕರಗುತ್ತದೆ, ತವರ ಲೇಪಿಸಿದ ಲಗ್ ಹಾಕಿ.

ಕೇಬಲ್ ಮನೆಯೊಳಗೆ ಬರುವ ಮುನ್ನ ಸರ್ಜ್ ಅರೆಸ್ಟರ್ (ಸಿಡಿಲಿನ ಹೆಚ್ಚುವರಿ ವೋಲ್ಟೇಜನ್ನು ಅರ್ಥಿಗೆ ಹರಿಸುವ ಸಾಧನ), ಅದರ ಮುಂಚೆ ನೀರು ತೊಟ್ಟಿಕ್ಕಲು ಕೆಳಮುಖವಾಗಿ ಒಂದು ಬಳುಕು. ಕೇಬಲ್ ತುದಿಯ ಪಿಎಲ್-259 ಕನೆಕ್ಟರ್ ನೀರು ತಡೆಯುವುದಿಲ್ಲ. ತನಗೆ ತಾನೇ ಅಂಟುವ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ, ಹೆಂಚು ಹೊದಿಸಿದ ಹಾಗೆ ಸುತ್ತಿ. 2 ಮೀಟರ್ ಬ್ಯಾಂಡಿಗೆ ತೆಳುವಾದ ಆರ್‌ಜಿ-58 ಕೇಬಲ್ ಬೇಡ, 20 ಮೀಟರ್ ಓಟದಲ್ಲೇ ಅರ್ಧಕ್ಕಿಂತ ಹೆಚ್ಚು ಪವರ್ ತಿನ್ನುತ್ತದೆ, ದಪ್ಪನೆಯ ಆರ್‌ಜಿ-213 ಹಾಕಿ. ಇಷ್ಟೆಲ್ಲ ಮಾಡಿದರೂ ನೇರ ಸಿಡಿಲಿನಿಂದ ರೇಡಿಯೊ ಉಳಿಯುವ ಭರವಸೆಯಿಲ್ಲ. ಏಪ್ರಿಲ್-ಮೇ ಮಧ್ಯಾಹ್ನ ಮೋಡ ಕಟ್ಟುತ್ತಿದ್ದಂತೆ, ಗುಡುಗು ಕೇಳುವ ಮೊದಲೇ, ಕೇಬಲ್ ಬಿಚ್ಚಿ ಕಿಟಕಿಯ ಹೊರಗಿಡಿ. 73 (ಹ್ಯಾಮ್‌ಗಳ ಶುಭಾಶಯ).