ಅಕ್ಕ, ಆರು ಅಡಿ ರ‍್ಯಾಂಪ್ ಬೇಡ

ಅಕ್ಕ, ನಿನ್ನ ಮೆಸೇಜ್ ಈಗ ನೋಡಿದೆ. ದೊಡ್ಡಪ್ಪನ ವೀಲ್‌ಚೇರ್‌ಗೆ ಮನೆ ಮುಂದಿನ ಮೂರು ಮೆಟ್ಟಿಲ ಮೇಲೆ 6 ಅಡಿ ರ‍್ಯಾಂಪ್ ಸಾಕು ಅಂತ ಮೇಸ್ತ್ರಿ ಹೇಳಿದ್ದಾರೆ, ನಾಳೆಯೇ ಕೆಲಸ ಶುರು ಅಂತ ಬರೆದಿದ್ದೀಯ. ದಯವಿಟ್ಟು ಒಂದು ದಿನ ತಡೆ. 6 ಅಡಿ ಖಂಡಿತ ಸಾಲುವುದಿಲ್ಲ.

ಲೆಕ್ಕ ಸುಲಭ. 1 ಇಂಚು ಏರಬೇಕಾದರೆ ಕಡಿಮೆ ಅಂದರೂ 12 ಇಂಚು ಉದ್ದ ಬೇಕು. ಅಂದರೆ ಎತ್ತರ ಎಷ್ಟು ಇಂಚೋ, ರ‍್ಯಾಂಪ್ ಅಷ್ಟು ಅಡಿ. ಮೆಟ್ಟಿಲು ಒಂದೊಂದು 6 ಇಂಚು ಅಂದೆಯಲ್ಲ, ಮೂರಕ್ಕೆ 18 ಇಂಚು. ಹಾಗಾದರೆ 18 ಅಡಿ. ಆದರೆ ಸುಮ್ನೆ ಮೆಟ್ಟಿಲು ಎಣಿಸಿ ಬಿಡಬೇಡ. ಅಂಗಳದ ನೆಲ ಓರೆ ಇರುತ್ತದೆ. ರ‍್ಯಾಂಪ್ ಬಂದು ಮುಗಿಯುವ ಜಾಗದಿಂದ ಬಾಗಿಲ ನೆಲದವರೆಗೆ ಲೆವೆಲ್ ಪೈಪ್‌ನಲ್ಲಿ ನೀರು ತುಂಬಿಸಿ ಅಳೆಸು. 2 ಇಂಚು ಹೆಚ್ಚು ಬಂದರೆ 2 ಅಡಿ ಜಾಸ್ತಿ ಬೇಕಾಗುತ್ತದೆ.

ಇಷ್ಟೊಂದು ಯಾಕೆ ಅಂತೀಯ? ದೊಡ್ಡಪ್ಪ, ಕುರ್ಚಿ ಎರಡೂ ಸೇರಿ 85 ಕಿಲೋ ಅಂತ ಇಟ್ಟುಕೋ. 18 ಅಡಿ ರ‍್ಯಾಂಪಲ್ಲಿ ತಳ್ಳುವವರ ಕೈಗೆ ಬರುವುದು ಸುಮಾರು 7 ಕಿಲೋ ಭಾರ. 6 ಅಡಿಯಲ್ಲಿ ಸುಮಾರು 21 ಕಿಲೋ. ಇಳಿಸುವಾಗ ಅದೇ 21 ಕಿಲೋ ನಮ್ಮನ್ನೇ ಎಳೆಯುತ್ತದೆ. ದೊಡ್ಡಮ್ಮನ ಕೈಯಲ್ಲಿ ಆಗುತ್ತಾ ಹೇಳು.

ಅಮ್ಮನನ್ನು ಒಂದು ಕಡೆ ಅಂಥ ಕಡಿದಾದ ರ‍್ಯಾಂಪಲ್ಲಿ ಹತ್ತಿಸಿದ್ದೆ. ಅರ್ಧ ದಾರಿಯಲ್ಲಿ ಮುಂದಿನ ಎರಡು ಚಿಕ್ಕ ಚಕ್ರ ನೆಲ ಬಿಟ್ಟು ಮೇಲೆದ್ದವು. ಅಮ್ಮ ನನ್ನ ಎದೆಗೇ ಬಂದು ಒರಗಿದರು. ಕುರ್ಚಿಯ ಕೈ ಹಿಡಿದಿದ್ದ ಅವರ ಬೆರಳು ಬೆಳ್ಳಗಾಗಿದ್ದವು. ಅದು ಇನ್ನೂ ನನ್ನ ಕಣ್ಣ ಮುಂದಿದೆ.

18 ಅಡಿ ನೇರ ಜಾಗ ಇಲ್ಲ, ಅಲ್ವಾ? ತೊಂದರೆಯಿಲ್ಲ. 9 ಅಡಿ ಹೋಗಿ ಗೋಡೆ ಪಕ್ಕ ತಿರುಗಿಸಿ ಇನ್ನೊಂದು 9 ಅಡಿ ಮಾಡಿಸು. ತಿರುಗುವ ಕಡೆ 5 ಅಡಿಗೆ 5 ಅಡಿ ಸಮತಟ್ಟು ಇರಲೇಬೇಕು. ಬಾಗಿಲ ಮುಂದೆಯೂ ಅಷ್ಟೇ, ಇಲ್ಲದಿದ್ದರೆ ಚಿಲಕ ತೆಗೆಯುವಷ್ಟರಲ್ಲಿ ಕುರ್ಚಿ ಹಿಂದಕ್ಕೆ ಜಾರುತ್ತದೆ. ಅಗಲ 3 ಅಡಿಗಿಂತ ಕಡಿಮೆ ಬೇಡ, 4 ಆದರೆ ಒಳ್ಳೆಯದು. ಎರಡೂ ಕಡೆ ಹಿಡಿದುಕೊಳ್ಳಲು ಕಂಬಿ ಹಾಕಿಸು, ಚಕ್ರ ಹೊರಗೆ ಹೋಗದ ಹಾಗೆ ಅಂಚಿಗೆ 4 ಇಂಚಿನ ಕಟ್ಟೆಯೂ ಇರಲಿ. ಟೈಲ್ಸ್ ಮಾತ್ರ ಬೇಡ. ಸಿಮೆಂಟ್ ಹಸಿ ಇರುವಾಗಲೇ ಅಡ್ಡಡ್ಡ ಪೊರಕೆ ಎಳೆದು ಒರಟು ಮಾಡಲಿ.

ಸಿಮೆಂಟ್ ಗಟ್ಟಿಯಾಗುವ ಮುಂಚೆ ನೀನೇ ಒಮ್ಮೆ ನೋಡು. 2 ಅಡಿ ಉದ್ದದ ರಸಮಟ್ಟವನ್ನು (ಮೇಸ್ತ್ರಿ ಹತ್ತಿರ ಇರುವ ಸ್ಪಿರಿಟ್ ಲೆವೆಲ್) ಇಳಿಜಾರಿನ ಮೇಲಿಟ್ಟು, ಗುಳ್ಳೆ ನಡುವಿಗೆ ಬರುವವರೆಗೆ ಕೆಳಗಿನ ತುದಿ ಎತ್ತು. ಆ ತುದಿಯ ಕೆಳಗಿನ ಸಂದು 2 ಇಂಚು ದಾಟಬಾರದು. ದಾಟಿದರೆ ಅಲ್ಲೇ ನಿಲ್ಲಿಸು, ಮೇಸ್ತ್ರಿ ಬೇಜಾರು ಮಾಡಿಕೊಂಡರೂ ಪರವಾಗಿಲ್ಲ.

ಎತ್ತರದ ಅಳತೆ, ಅಂಗಳದ ಉದ್ದ ಅಗಲ ಇವತ್ತೇ ಕಳಿಸು. ರಾತ್ರಿ ಕೂತು ನಕ್ಷೆ ಬರೆದು ಕೊಡುತ್ತೇನೆ.